ಆಪರೇಷನ್ ಟೇಬಲ್ ಇಲ್ಲದ ಊರಿನಲ್ಲಿ ನಾಯಿಮರಿ

ಶನಿವಾರ, ಭಾನುವಾರ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಹತ್ತಲು ಬೆಂಗಳೂರಿನಿಂದ ಬರುವವರು ಬಹಳ ಮಂದಿ. ಕೆಂಪೇಗೌಡರ ಹೆಸರಿನೊಡನೆ ಬೆಸೆದುಕೊಂಡ ಆ ಕೋಟೆಯ ಬಾಗಿಲುಗಳನ್ನು ದಾಟುತ್ತ ಹೋಗುವ ಗುಂಪೊಂದಕ್ಕೆ ದಾರಿಬದಿಯಲ್ಲಿ ಎರಡು ತಿಂಗಳ ನಾಯಿಮರಿ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಹೊಟ್ಟೆ ಬಿಗಿದಿದೆ, ಕುಡಿದ ನೀರೂ ನಿಲ್ಲುತ್ತಿಲ್ಲ, ಭೇದಿಯಲ್ಲಿ ರಕ್ತ. ಯಾರೋ ಒಬ್ಬರು ಟವಲ್‌ನಲ್ಲಿ ಸುತ್ತಿ ಕಾರಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಎಲ್ಲಿಗೆ? ನಮ್ಮ ತಾಲ್ಲೂಕುಗಳ ದನದ ಆಸ್ಪತ್ರೆಗಳನ್ನು ಕಟ್ಟಿರುವುದೇ ಹಸು, ಎಮ್ಮೆ, ಕುರಿ, ಮೇಕೆಗಳಿಗಾಗಿ. ಅಲ್ಲಿನ ವೈದ್ಯರು ಇಂಜೆಕ್ಷನ್ ಕೊಟ್ಟಾರು, ಡ್ರಿಪ್ ಹಾಕಿಯಾರು. ಹೊಟ್ಟೆ ಕೊಯ್ಯಬೇಕೆಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಖಾಸಗಿ ಕ್ಲಿನಿಕ್ಕಿಗೋ ಹೋಗಬೇಕು. ಖಾಸಗಿಯಾದರೆ ಬಿಲ್ಲು ಹತ್ತಾರು ಸಾವಿರಕ್ಕೆ ಏರುವುದು ಹೊಸದಲ್ಲ. ಮರಿ ಯಾವುದೋ ಆಶ್ರಯತಾಣ ಸೇರುತ್ತದೆ, ಅದರ ಫೋಟೊ, ಅಂದಾಜು ಪಟ್ಟಿ, ಕ್ಯೂಆರ್ ಕೋಡ್ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಇನ್ನೂರು, ಐನೂರು ಎಂದು ಜನ ಹಾಕುತ್ತಾರೆ. ಈ ಔದಾರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಹೊರಬಾರದ ಭಾರವನ್ನು ಹೊರುತ್ತಿದೆ. ಚಂದಾ ಹಣ ನೂಲಿಗೆ, ಔಷಧಕ್ಕೆ, ಆರೈಕೆಗೆ ಸಾಕಾಗಬೇಕು. ಟೇಬಲ್ಲು, ಅರಿವಳಿಕೆ ಯಂತ್ರ, ವೈದ್ಯರ ಸಂಬಳ ಸಾರ್ವಜನಿಕ ವ್ಯವಸ್ಥೆಯ ಲೆಕ್ಕಕ್ಕೆ ಸೇರಬೇಕು. ಹಾಗೆ ಸೇರಿಸಲು ಹೊಸದೇನನ್ನೂ ಕಟ್ಟಬೇಕಿಲ್ಲ. ಕಾನೂನು ಈಗಾಗಲೇ ಕೇಳಿರುವುದನ್ನು ಪೂರ್ತಿಯಾಗಿ ಬಳಸಿದರೆ ಸಾಕು.

ಮೊದಲು ಸಮಯದ ಮಾತು. ಮರಿಗಳನ್ನು ಕಾಡುವ ಪಾರ್ವೋ ವೈರಸ್ಸಿಗೆ ಶಸ್ತ್ರಚಿಕಿತ್ಸೆ ಮದ್ದಲ್ಲ. ಅದಕ್ಕೆ ಬೇಕಿರುವುದು ಡ್ರಿಪ್, ವಾಂತಿ ನಿಲ್ಲಿಸುವ ಔಷಧ, ಬೆಚ್ಚಗಿನ ಜಾಗ, ರಾತ್ರಿ ಎದ್ದು ನೋಡುವ ಒಬ್ಬರು. ಆದರೆ ಪಾರ್ವೋ ಅಥವಾ ಜಂತುಹುಳುವಿನಿಂದ ಕೆರಳಿದ ಕರುಳು ಕೆಲವೊಮ್ಮೆ ಒಂದರೊಳಗೊಂದು ಜಾರಿ ಸಿಕ್ಕಿಕೊಳ್ಳುತ್ತದೆ, ತೋಳಂಗಿಯ ಕೈ ಒಳಮಡಚಿಕೊಂಡ ಹಾಗೆ. ಅಲ್ಲಿ ರಕ್ತದ ಓಡಾಟ ನಿಂತು ಕರುಳು ಕಪ್ಪಾಗತೊಡಗುತ್ತದೆ. ಬೇಗ ಹೊಟ್ಟೆ ತೆರೆದರೆ ಕರುಳನ್ನು ಮೆಲ್ಲಗೆ ಬಿಡಿಸಿ ಒಳಗಿಡಬಹುದು; ತಡವಾದರೆ ಆ ಭಾಗವನ್ನು ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿಯಬೇಕು, ಅಪಾಯವೂ ಖರ್ಚೂ ಏರುತ್ತವೆ. ಅಂದರೆ ಚಂದಾ ಎತ್ತುವ ಎರಡು ಮೂರು ದಿನಗಳಲ್ಲೇ ಸುಲಭದ ಆಪರೇಷನ್ ಕಷ್ಟದ್ದಾಗಿರುತ್ತದೆ. ಹೆದ್ದಾರಿ 75ರಲ್ಲಿ ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿಯ ಕಥೆಯೂ ಬಹುತೇಕ ಇದೇ: ತೆರೆದ ಗಾಯಕ್ಕೆ ನೊಣ ಕೂತು ಹುಳುವಾದ ಮೇಲೆ ಉಳಿಸಬಹುದಾಗಿದ್ದ ಕಾಲನ್ನು ತೆಗೆಯಬೇಕಾಗುತ್ತದೆ. ಜನರ ಕರುಣೆ ಎಷ್ಟೇ ದೊಡ್ಡದಿದ್ದರೂ ಅದು ಬರುವ ಹೊತ್ತು ರೋಗದ ಹೊತ್ತಿಗೆ ಹೊಂದುವುದಿಲ್ಲ. ಹಣ ಕೂಡುವುದು ಯಾರಿಗೆ ಎಂಬುದೂ ಬಹುಪಾಲು ಫೋಟೊ ತೀರ್ಮಾನಿಸುವ ವಿಷಯ. ದೊಡ್ಡ ಕಣ್ಣಿನ ಬಿಳಿ ಮರಿಗೆ ಬೇಕಾದ್ದಕ್ಕಿಂತ ಹೆಚ್ಚು ಬಂದೀತು, ತುರಿ ಹಿಡಿದ ಕಪ್ಪು ನಾಯಿಗೆ ಬಸ್ ಚಾರ್ಜೂ ಹುಟ್ಟಲಿಕ್ಕಿಲ್ಲ.

ಈಗ ಟೇಬಲ್ಲಿನ ಮಾತಿಗೆ ಬರುತ್ತೇನೆ. ಬೀದಿನಾಯಿಗಳ ಸಂತಾನಹರಣವನ್ನು ಸ್ಥಳೀಯ ಸಂಸ್ಥೆಗಳ ಹೊಣೆ ಮಾಡಿದ ನಿಯಮಗಳು 2001ರಲ್ಲಿ ಬಂದವು, 2023ರ ಮಾರ್ಚ್‌ನಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ಹೆಣ್ಣು ನಾಯಿಯ ಸಂತಾನಹರಣ ಎಂದರೇನು? ಪೂರ್ಣ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಅಂಡಾಶಯ ಮತ್ತು ಗರ್ಭಕೋಶದ ರಕ್ತನಾಳಗಳನ್ನು ಬಿಗಿಯಾಗಿ ಕಟ್ಟಿ, ಎರಡನ್ನೂ ತೆಗೆದು, ಪದರ ಪದರವಾಗಿ ಹೊಲಿಯುವುದು. ಎಚ್ಚರವಾಗುವುದರೊಳಗೆ ಕಿವಿಯ ತುದಿಗೊಂದು ಗುರುತಿನ ಕಚ್ಚು ಹಾಕುತ್ತಾರೆ. ಇದನ್ನು ಕೈಪಳಗಿ ಮಾಡುವ ಪಶುವೈದ್ಯರಿಗೆ ಮರಿಯ ಹರ್ನಿಯಾ ಹೊಲಿಯುವುದು, ಸಿಕ್ಕಿದ ಕರುಳು ಬಿಡಿಸುವುದು ತೀರಾ ಪರಕೀಯ ಕೆಲಸವಲ್ಲ. ಟೇಬಲ್ಲು ಅದೇ, ದೀಪ ಅದೇ, ಉಪಕರಣ ಕುದಿಸುವ ಪಾತ್ರೆಯೂ ಅದೇ. ಮೂಳೆಗೆ ಪ್ಲೇಟ್ ಕೂರಿಸುವಂಥ ಕೆಲಸಕ್ಕೆ ಹೆಬ್ಬಾಳವೇ ಬೇಕು, ಒಪ್ಪಿದೆ. ಮಿಕ್ಕಿದ್ದರಲ್ಲಿ ಬಹಳಷ್ಟನ್ನು ಸಂತಾನಹರಣ ಕೇಂದ್ರವೇ ವಾರಕ್ಕೊಂದು ದಿನ ಮೀಸಲಿಟ್ಟು ಮಾಡಬಹುದು. ಇದು ಬರೀ ಆಸೆಯ ಮಾತಲ್ಲ. ಪ್ರಾಣಿ ದಯಾ ಸಂಘಗಳ ಕುರಿತ 2001ರ ಕೇಂದ್ರ ನಿಯಮಗಳು ಜಿಲ್ಲೆಗೊಂದು ಸಂಘ ಇರಬೇಕು, ಅದರ ಚಿಕಿತ್ಸಾಲಯ ಮತ್ತು ಆಶ್ರಯತಾಣಕ್ಕೆ ರಾಜ್ಯ ಸರ್ಕಾರ ಜಾಗ ಕೊಡಬೇಕು, ಅಲ್ಲಿ ಪೂರ್ಣಾವಧಿ ಪಶುವೈದ್ಯರು ಇರಬೇಕು ಎಂದು ಹೇಳಿ ಎರಡು ದಶಕ ದಾಟಿದೆ.

ಆ ಮಾತಿಗೆ ಈಗ ಅವಸರವೂ ಬಂದಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸಾಗಿಸಬೇಕು, ಹಿಡಿದ ಜಾಗಕ್ಕೇ ಮರಳಿ ಬಿಡಬಾರದು ಎಂದು ಆದೇಶಿಸಿತು. ಆದೇಶ ಸರಿಯೇ ತಪ್ಪೇ ಎಂಬ ಜಗಳ ಬೇರೆ. ಪಾಲಿಸಬೇಕಾದವರು ತುಮಕೂರು ಮಹಾನಗರ ಪಾಲಿಕೆ, ಕುಣಿಗಲ್ ಪುರಸಭೆ, ಗುಬ್ಬಿ ಪಟ್ಟಣ ಪಂಚಾಯಿತಿಯಂಥ ಸಂಸ್ಥೆಗಳು. ಶೀಟು ಹೊದಿಸಿ, ಜಾಲರಿ ಬಿಗಿದು, ಅನ್ನದ ತಟ್ಟೆ ಇಟ್ಟರೆ ಆಶ್ರಯತಾಣ ಆಗಿಬಿಡುತ್ತದೆಂಬ ಭ್ರಮೆ ಇಲ್ಲಿಯೇ ಹುಟ್ಟುವುದು. ಪಾರ್ವೋ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸಾಮಾನ್ಯ ಸೋಪು, ಫಿನಾಯಿಲಿಗೆ ಅದು ಜಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣದಂಥದ್ದೇ ಆಗಬೇಕು. ಲಸಿಕೆಯನ್ನು ಆರೆಂಟು ವಾರಕ್ಕೆ ಶುರು ಮಾಡಿ ಹದಿನಾರು ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡಬೇಕು; ಅಷ್ಟರೊಳಗೆ ಕಾಯಿಲೆಯ ನಾಯಿಗಳ ನಡುವೆ ತಂದು ಬಿಟ್ಟ ಮರಿ ಬೀದಿಯಲ್ಲಿ ಇದ್ದುದಕ್ಕಿಂತ ಹೆಚ್ಚಿನ ಅಪಾಯದಲ್ಲಿರುತ್ತದೆ. ಪ್ರತ್ಯೇಕ ಕೋಣೆ, ವೈದ್ಯರು, ಆಪರೇಷನ್ ಸೌಲಭ್ಯ ಇಲ್ಲದ ಆಶ್ರಯತಾಣಕ್ಕೆ ನಾಯಿ ತುಂಬುವುದೆಂದರೆ ರೋಗವನ್ನು ಒಟ್ಟುಗೂಡಿಸಿ ಇಟ್ಟಂತೆ. ಅಲ್ಲಿಂದ ಮತ್ತೆ ಫೋಟೊ, ಮತ್ತೆ ಕ್ಯೂಆರ್ ಕೋಡ್.

ಮನುಷ್ಯರಿಗೇ ಗತಿಯಿಲ್ಲ, ನಾಯಿಗೇನು ಆಪರೇಷನ್ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಚಿಕಿತ್ಸೆಗಾಗಿ ಒಡವೆ ಅಡವಿಟ್ಟ ಮನೆಯವರು ಇದನ್ನು ಕೇಳಿದರೆ ಅದರಲ್ಲಿ ನೋವಿದೆ. ಆದರೆ ಪಶುವೈದ್ಯರ ಕೈಯಲ್ಲಿ ಕತ್ತರಿ ಇಲ್ಲದಂತೆ ಮಾಡಿದರೆ ಆ ಮನೆಗೆ ಒಂದು ಮಾತ್ರೆಯೂ ಹೆಚ್ಚಿಗೆ ಸಿಗುವುದಿಲ್ಲ. ನಾಯಿಯ ಆರೋಗ್ಯ ಮನುಷ್ಯರದ್ದರಿಂದ ಬಿಡಿಯಾದ ಸಂಗತಿಯೂ ಅಲ್ಲ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಬೀದಿನಾಯಿಗಳು 11 ಲಕ್ಷಕ್ಕೂ ಹೆಚ್ಚು. ನಮ್ಮ ರಾಜ್ಯ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸ್ ಪ್ರಕರಣಗಳ ವರದಿಯನ್ನು ಕಡ್ಡಾಯ ಮಾಡಿತು. ಅದು ಒಳ್ಳೆಯ ಹೆಜ್ಜೆ, ಆದರೆ ವರದಿಯಾಗುವ ಹೊತ್ತಿಗೆ ರೋಗಿ ಕೈತಪ್ಪಿರುತ್ತಾರೆ. ಚಿಕಿತ್ಸೆಗೆಂದು ಒಳಗೆ ಬಂದ ನಾಯಿ ರೇಬೀಸ್ ಲಸಿಕೆ ಪಡೆಯದೆ, ವಯಸ್ಸಿಗೆ ಬಂದಿದ್ದರೆ ಸಂತಾನಹರಣವಾಗದೆ ಹೊರಗೆ ಹೋಗಬಾರದೆಂಬ ಒಂದೇ ಷರತ್ತು ಹಾಕಿದರೆ, ನಾಯಿ ಕಂಡರಾಗದವರಿಗೂ ಆ ಟೇಬಲ್ಲಿನಿಂದ ಉಪಯೋಗವುಂಟು. ಗಾಯದ ನೋವಿನಲ್ಲಿರುವ ನಾಯಿಯೇ ಹತ್ತಿರ ಬಂದವರಿಗೆ ಬಾಯಿ ಹಾಕುವುದು ಹೆಚ್ಚು ಎಂಬುದನ್ನೂ ಮರೆಯಬಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರೈತರದ್ದು. ಕುಣಿಗಲ್, ಗುಬ್ಬಿಯ ಎಷ್ಟೋ ಮನೆಗಳಲ್ಲಿ ವಾರದ ಖರ್ಚು ನಡೆಯುವುದು ಡೇರಿಗೆ ಹಾಕಿದ ಹಾಲಿನಿಂದ. ಕರು ಅಡ್ಡ ನಿಂತು ಹಸು ಒದ್ದಾಡುವಾಗ ವೈದ್ಯರು ನಾಯಿಮರಿಯ ಆಪರೇಷನ್ನಿನಲ್ಲಿದ್ದಾರೆ ಎಂಬ ಉತ್ತರ ಸಿಕ್ಕರೆ ಯಾರಿಗಾದರೂ ಸಿಟ್ಟು ಬರುತ್ತದೆ, ಬರಬೇಕು. ಒಬ್ಬರೇ ವೈದ್ಯರಿದ್ದು ಎರಡೂ ಕರೆ ಒಟ್ಟಿಗೆ ಬಂದರೆ ಹಸುವಿನ ಕಡೆಗೇ ಹೋಗಲಿ ಎಂದು ನಾನೂ ಹೇಳುತ್ತೇನೆ. ಅದಕ್ಕೇ ಈ ಕೆಲಸವನ್ನು ದನದ ಆಸ್ಪತ್ರೆಯ ತಲೆಗೆ ಕಟ್ಟಬಾರದು, ಸ್ಥಳೀಯ ಸಂಸ್ಥೆಯೇ ಹಣ ಕೊಟ್ಟು ನಡೆಸಬೇಕಾದ ಸಂತಾನಹರಣ ಕೇಂದ್ರಕ್ಕೆ ಸೇರಿಸಬೇಕು ಎನ್ನುವುದು. 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ವಾಹನ ರೈತರ ಕೊಟ್ಟಿಗೆಗೇ ಮೀಸಲಿರಲಿ. ಅಂದಹಾಗೆ, ಪ್ರಾಣಿಗೆ ಆಪರೇಷನ್ ಎನ್ನುವುದು ಕುಣಿಗಲ್ಲಿಗೆ ವಿಚಿತ್ರವಾಗಿ ಕೇಳಬೇಕಾದ್ದಿಲ್ಲ. ಟಿಪ್ಪುವಿನ ಕಾಲದ ಸೈನ್ಯದ ಕುದುರೆಗಳಿಂದ ಹಿಡಿದು ರೇಸಿನ ಕುದುರೆಗಳವರೆಗೆ ಸಾಕಿದ ಸ್ಟಡ್ ಫಾರಂ ಇರುವ ಊರು ಅದು. ಬೆಲೆಬಾಳುವ ಪ್ರಾಣಿಗೆ ಎಂಥ ಆರೈಕೆ ಸಾಧ್ಯ ಎಂಬುದು ಅಲ್ಲಿಯವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ.

ಒಂದು ಮರಿಗೆ ಸುರಿಯುವ ಹಣದಲ್ಲಿ ಹತ್ತಾರು ನಾಯಿಗಳ ಸಂತಾನಹರಣ ಮಾಡಬಹುದಲ್ಲ ಎನ್ನುವವರ ಗಣಿತ ತಪ್ಪಲ್ಲ. ಆದರೆ ಆ ಮರಿಯ ಮುಖ ನೋಡಿ ಐನೂರು ಕೊಟ್ಟವರು ಸಂತಾನಹರಣದ ಹೆಸರಿಗೆ ಐವತ್ತೂ ಕೊಡಲಿಕ್ಕಿಲ್ಲ. ಅದು ಬಜೆಟ್ಟಿನಲ್ಲಿ ಎತ್ತಿಟ್ಟಿದ್ದ ಹಣವಲ್ಲ. ಎರಡೂ ಕೆಲಸ ಒಂದೇ ಕೋಣೆಯಲ್ಲಿ ನಡೆದರೆ ಮರಿಯ ಹೆಸರಿನ ಕೊಡುಗೆಯಲ್ಲಿ ಉಳಿದದ್ದು ಮರುದಿನದ ಸಂತಾನಹರಣದ ಔಷಧಕ್ಕಾದರೂ ಹೋದೀತು. ಕರುಣೆಗೆ ನಮ್ಮಲ್ಲಿ ಬರವಿಲ್ಲ. 2022ರ ಜೂನ್‌ನಲ್ಲಿ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ ಬಂದಾಗ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ ಕಣ್ಣೀರು ಹಾಕಿದರು, ಸರ್ಕಾರ ಆರು ತಿಂಗಳು ಚಿತ್ರಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. ಟಿಕೆಟ್ಟಿನ ತೆರಿಗೆ ಬಿಡುವಷ್ಟು ಕರಗಿದ ಮನಸ್ಸು ಜಿಲ್ಲೆಗೊಂದು ಆಪರೇಷನ್ ಕೋಣೆಯವರೆಗೆ ಏಕೆ ಬರಲಿಲ್ಲವೋ! ಆ ಚಿತ್ರದಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ಚಾರ್ಲಿ ಎಂಬ ನಾಯಿಯ ಕಾಯಿಲೆ ವಾಸಿಯಾಗುವಂಥದ್ದಲ್ಲ, ಕಥಾನಾಯಕ ಧರ್ಮ ಆ ಸತ್ಯವನ್ನು ಒಪ್ಪಿಕೊಂಡು ಉಳಿದ ದಿನಗಳನ್ನು ಚಾರ್ಲಿಗೆ ಕೊಡುತ್ತಾನೆ. ಚಂದಾ ಆಧಾರಿತ ಚಿಕಿತ್ಸೆಯಲ್ಲಿ ಕಷ್ಟವಾಗುವುದು ಈ ಒಪ್ಪಿಗೆಯೇ. ಹಣ ಕೂಡಿದ ಮೇಲೆ ಕೊಟ್ಟವರಿಗೆ ಉತ್ತರ ಹೇಳಬೇಕೆಂಬ ಒತ್ತಡಕ್ಕೆ, ಬದುಕುವ ಭರವಸೆಯಿಲ್ಲದ ಮರಿಯ ಮೇಲೂ ಕತ್ತಿ ಆಡಿಸುವ ಅಪಾಯವಿದೆ. ವಾಸಿಯಾಗದ ಕಾಯಿಲೆಯ, ಸಾಯುವಷ್ಟು ಗಾಯಗೊಂಡ ನಾಯಿಗೆ ನೋವಿಲ್ಲದ ದಯಾಮರಣ ಕೊಡಲು 2023ರ ನಿಯಮಗಳಲ್ಲೇ ಅವಕಾಶವಿದೆ. ಹಣದ ಹಂಗಿಲ್ಲದ ವೈದ್ಯರು ಮಾತ್ರ ಬೇಡ ಎಂದು ನಿರಾಳವಾಗಿ ಹೇಳಬಲ್ಲರು.

ಮೋಸದ ಭಯಕ್ಕೂ ಮದ್ದು ಅಲ್ಲೇ ಇದೆ. ಒಂದೇ ಮರಿಯ ಫೋಟೊ ತೋರಿಸಿ ಹಲವರ ಬಳಿ ಹಣ ಎತ್ತುವವರು ಇರಬಹುದೆಂಬ ಅನುಮಾನ ಪ್ರಾಮಾಣಿಕವಾಗಿ ದುಡಿಯುವ ಆಶ್ರಯತಾಣಗಳ ಹೆಸರನ್ನೂ ಕೆಡಿಸುತ್ತದೆ. ಕೊಡುಗೆ ವ್ಯಕ್ತಿಯ ಖಾತೆಗೆ ಹೋಗದೆ ಜಿಲ್ಲಾ ಪ್ರಾಣಿ ದಯಾ ಸಂಘದ ಖಾತೆಗೆ ಬರಲಿ, ರಸೀದಿಯಲ್ಲಿ ಮರಿಯ ನೋಂದಣಿ ಸಂಖ್ಯೆ ಇರಲಿ, ಯಾವ ಆಪರೇಷನ್‌ಗೆ ಎಷ್ಟು ಎಂಬ ದರಪಟ್ಟಿ ಗೋಡೆಯ ಮೇಲೆ ತೂಗಲಿ. ಜಿಲ್ಲೆಗೆ ಶುರುವಿನಲ್ಲಿ ತುಮಕೂರಿನಲ್ಲೊಂದು ಸುಸಜ್ಜಿತ ಕೋಣೆ ಸಾಕು, ಅಲ್ಲಿಯ ತಂಡವೇ ಗೊತ್ತಾದ ದಿನ ಕುಣಿಗಲ್, ಗುಬ್ಬಿಗೆ ಬರಲಿ. ಮರಿ ತಂದವರಿಗೂ ಒಂದು ಕೆಲಸ ಹಚ್ಚಬೇಕು. ಹೊಲಿಗೆ ಬಿಚ್ಚಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಗಾಯ ನೆಕ್ಕದಂತೆ ನೋಡಬೇಕು, ಹೊತ್ತುಹೊತ್ತಿಗೆ ಮೆತ್ತನೆಯ ಊಟ ಕೊಡಬೇಕು. ಆಮೇಲೆ ಅದು ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ಆರೈಕೆ ಯಾರದು, ದತ್ತು ಯಾರದು ಎಂಬ ಎರಡು ಕಾಲಂ ತುಂಬಿಸಿಕೊಂಡೇ ದಾಖಲು ಮಾಡಿಕೊಳ್ಳಲಿ. ತುಂಬುವವರು ಯಾರೂ ಸಿಗದಿದ್ದರೆ ಆ ಎರಡೂ ಕಾಲಂಗಳಲ್ಲಿ ಸಂಘದ ಹೆಸರನ್ನೇ ಬರೆದು ಮರಿಯನ್ನು ಒಳಗೆ ಕರೆದುಕೊಳ್ಳಲಿ.