ಎಂಟು ಸೆಕೆಂಡ್ ದಾಟಿದರೆ ಕಾರ್ನರ್: ಎತ್ತರದ ಚೆಂಡಿಗೆ ಜಿಲ್ಲೆಯ ಕೀಪರ್‌ಗಳು ರೆಡಿ ಇದ್ದಾರಾ?

ಮಂಗಳೂರು: ಕಾರ್ನರ್ ಕಿಕ್. ಚೆಂಡು ಗಾಳಿಯಲ್ಲಿ ತಿರುಗಿಕೊಂಡು ಗೋಲಿನತ್ತ ಬರುತ್ತಿದೆ. ಕೀಪರ್ ಎರಡು ಹೆಜ್ಜೆ ಮುಂದೆ ಬಂದ, ಅನುಮಾನ ಬಂದು ಅಲ್ಲೇ ನಿಂತ. ಅಷ್ಟರಲ್ಲಿ ಎದುರಾಳಿಯ ತಲೆಗೆ ತಾಗಿದ ಚೆಂಡು ಬಲೆಯೊಳಗೆ. ಹೊರಗಿನಿಂದ ಒಂದೇ ಕೂಗು: 'ಕೀಪರ್ ಎಂತ ಮಾಡುದು ಅಲ್ಲಿ?' ನೆಹರೂ ಮೈದಾನದಲ್ಲಿ ಫುಟ್‌ಬಾಲ್ ನೋಡಿದವರಿಗೆ ಇದು ಹೊಸ ದೃಶ್ಯವಲ್ಲ. ಆದರೆ ತಪ್ಪು ಆ ಹುಡುಗನದ್ದಾ, ಅವನಿಗೆ ಎತ್ತರದ ಚೆಂಡು ಹಿಡಿಯಲು ಕಲಿಸದವರದ್ದಾ?

ಈ ಪ್ರಶ್ನೆ ಈಗ ಮತ್ತಷ್ಟು ಗಂಭೀರವಾಗಲು ಕಾರಣ ನಿಯಮದ ಬದಲಾವಣೆ. ಮೊದಲು ಕೀಪರ್ ಚೆಂಡನ್ನು 6 ಸೆಕೆಂಡ್‌ಗಿಂತ ಹೆಚ್ಚು ಕೈಯಲ್ಲಿ ಇಟ್ಟುಕೊಂಡರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ ಸಿಗಬೇಕಿತ್ತು. ಪುಸ್ತಕದಲ್ಲಿ ಇತ್ತು, ರೆಫ್ರಿಗಳು ಕೊಡುತ್ತಿದ್ದದ್ದು ಅಪರೂಪ. 2025ರ ಜುಲೈನಿಂದ ಮಿತಿ 8 ಸೆಕೆಂಡ್. ಕೊನೆಯ 5 ಸೆಕೆಂಡನ್ನು ರೆಫ್ರಿ ಕೈ ಎತ್ತಿ ಎಣಿಸುತ್ತಾರೆ. ದಾಟಿದರೆ ಕಾರ್ನರ್. ಅಂದರೆ ಕಷ್ಟಪಟ್ಟು ಒಂದು ಕ್ರಾಸ್ ಹಿಡಿದ ಕೀಪರ್ ತಡ ಮಾಡಿದರೆ ಅವನ ತಲೆ ಮೇಲೆ ಇನ್ನೊಂದು ಎತ್ತರದ ಚೆಂಡು ಗ್ಯಾರಂಟಿ.

ಇನ್ನೊಂದು ಕಡೆ, ದೊಡ್ಡ ಲೀಗ್‌ಗಳಲ್ಲಿ ಕಾರ್ನರ್ ಮತ್ತು ಉದ್ದದ ಥ್ರೋ ಇನ್ ಮತ್ತೆ ಅಸ್ತ್ರವಾಗಿವೆ. ಇಂಗ್ಲೆಂಡ್‌ನ ಆರ್ಸೆನಲ್ ತಂಡ ಸೆಟ್‌ಪೀಸ್‌ಗೆಂದೇ ನಿಕೊಲಾಸ್ ಜೋವರ್ ಎಂಬ ಪ್ರತ್ಯೇಕ ಕೋಚ್ ಇಟ್ಟುಕೊಂಡಿದೆ. ಕೀಪರ್ ಸುತ್ತ ಮೂರ್ನಾಲ್ಕು ಜನ ನಿಂತು ಅವನು ಹೊರಬರದಂತೆ ಮಾಡುವುದು, ಚೆಂಡನ್ನು ನೇರ ಅವನ ಮೇಲೆಯೇ ತಿರುಗಿಸುವುದು ಈಗ ಎಲ್ಲರೂ ಟಿವಿಯಲ್ಲಿ ನೋಡುವ ತಂತ್ರ. ಟಿವಿಯಲ್ಲಿ ನೋಡಿದ್ದನ್ನು ಮಕ್ಕಳು ಮರುದಿನವೇ ಮೈದಾನದಲ್ಲಿ ಮಾಡುತ್ತಾರೆ.

ಅಭ್ಯಾಸ ಎಂದರೆ ಬರೀ ಪೆನಾಲ್ಟಿಯಾ?

ಬಹುತೇಕ ಶಾಲಾ ತಂಡಗಳಲ್ಲಿ ಪ್ರತ್ಯೇಕ ಗೋಲ್‌ಕೀಪಿಂಗ್ ಕೋಚ್ ಇಲ್ಲ. ಇಡೀ ತಂಡವನ್ನು ಒಬ್ಬರೇ ಪಿಟಿ ಮಾಸ್ಟ್ರು ನೋಡಿಕೊಳ್ಳಬೇಕು. ಹಾಗಾಗಿ ಕೀಪರ್‌ಗೆ ಸಿಗುವ ತರಬೇತಿ ಅಂದರೆ ಉಳಿದವರು ಸಾಲಾಗಿ ನಿಂತು ಹೊಡೆಯುವ ಶಾಟ್. ಡೈವ್ ಚೆನ್ನಾಗಿ ಬರುತ್ತದೆ, ಕ್ರಾಸ್ ಬಂದರೆ ಕೈ ನಡುಗುತ್ತದೆ.

'ಹುಡುಗ ಕುಳ್ಳ, ಅದಕ್ಕೆ ಸಿಗಲ್ಲ' ಎಂಬ ಮಾತು ಪೂರ್ತಿ ಸರಿಯಲ್ಲ. ಗೋಲಿನ ಎತ್ತರ 2.44 ಮೀಟರ್. ಕೈ ಎತ್ತಿದರೆ ಕೀಪರ್‌ನ ಬೆರಳು ಅವನ ತಲೆಗಿಂತ ಸುಮಾರು ಒಂದು ಮೊಳ ಮೇಲೆ ಇರುತ್ತದೆ. ಎದುರಾಳಿಗೆ ಇರುವುದು ತಲೆ ಮಾತ್ರ. ಸೋಲುವುದು ಹೆಚ್ಚಾಗಿ ಟೈಮಿಂಗ್‌ನಲ್ಲಿ, ನಿರ್ಧಾರದಲ್ಲಿ.

20 ನಿಮಿಷ, ನಾಲ್ಕು ಹಂತ

ಇದಕ್ಕೆ ದುಬಾರಿ ಸಾಮಗ್ರಿ ಬೇಡ. ಮೊದಲ ಹಂತದಲ್ಲಿ ಐದಾರು ಮೀಟರ್ ದೂರದಿಂದ ಚೆಂಡನ್ನು ಕೈಯಲ್ಲೇ ಎತ್ತರಕ್ಕೆ ಎಸೆದರೆ ಸಾಕು. ಕೀಪರ್ ಒಂದು ಕಾಲಿನಲ್ಲಿ ಜಿಗಿದು, ಎದುರಾಳಿ ಇರುವ ಕಡೆಯ ಮಂಡಿ ಎತ್ತಿ, ಹಣೆಯ ಮುಂದೆ ಆದಷ್ಟು ಎತ್ತರದಲ್ಲಿ ಹಿಡಿಯಬೇಕು. ಹೆಬ್ಬೆರಳುಗಳು ಹತ್ತಿರ, ಬೆರಳುಗಳು ಅಗಲ. ಚೆಂಡು ಕೆಳಗೆ ಬರುವ ತನಕ ಕಾಯುವುದೇ ದೊಡ್ಡ ತಪ್ಪು. ಹಿಡಿದ ಕೂಡಲೇ ಎದೆಗೆ ಅವುಚಿಕೊಳ್ಳಬೇಕು.

ಎರಡನೆಯದು ಕಾಲಿನ ಕೆಲಸ. ಹಿಂದಿನ ಕಂಬದ ಕಡೆ ಹೋಗುವ ಚೆಂಡಿಗೆ ಹಿಮ್ಮುಖವಾಗಿ ಓಡಿದರೆ ಬೀಳುವುದು ಖಂಡಿತ. ಸೊಂಟ ತಿರುಗಿಸಿ, ಕಾಲು ಅಡ್ಡ ಹಾಕಿ ಓಡುವುದನ್ನು ಕಲಿಸಬೇಕು.

ಮೂರನೆಯದು ಗುಂಪು. ಮೊದಲು ಇಬ್ಬರು ಸುಮ್ಮನೆ ಎದುರು ನಿಲ್ಲಲಿ, ಅಭ್ಯಾಸ ಆದಂತೆ ಮೈಗೆ ಮೈ ತಾಗಿಸಲಿ, ಕೊನೆಗೆ ನಿಜವಾಗಿ ಹೆಡ್‌ಗೆ ಹಾರಲಿ. ಮೊದಲ ದಿನವೇ ಗುಂಪಿಗೆ ನೂಕಿದರೆ ಕಲಿಯುವುದು ಹೆದರಿಕೆ ಮಾತ್ರ.

ನಾಲ್ಕನೆಯದೇ ಮುಖ್ಯ, ನಿರ್ಧಾರ. ಒಂದು ಚೆಂಡು ಹತ್ತಿರ, ಇನ್ನೊಂದು ದೂರ, ಮತ್ತೊಂದು ತಲೆ ಮೇಲಿಂದ. ಯಾವುದು ಬರುತ್ತದೆ ಎಂದು ಮೊದಲೇ ಹೇಳಬಾರದು. ಬರುವುದಾದರೆ 'ಕೀಪರ್!' ಎಂದು ಜೋರಾಗಿ ಕೂಗಿ ಬರಬೇಕು, ಇಲ್ಲವಾದರೆ ಗೆರೆಯಲ್ಲೇ ನಿಲ್ಲಬೇಕು. ಅರ್ಧ ದಾರಿ ಬಂದು ನಿಲ್ಲುವುದು ಎರಡಕ್ಕಿಂತಲೂ ಕೆಟ್ಟದು.

ಕರಾವಳಿಗೆ ಇನ್ನೊಂದು ಪಾಠ ಬೇಕು. ಮಳೆಗಾಲದ ಪಂದ್ಯದಲ್ಲಿ ಚೆಂಡು ಸೋಪಿನ ಹಾಗೆ ಜಾರುತ್ತದೆ. ಬಕೆಟ್ ನೀರಿನಲ್ಲಿ ಚೆಂಡು ಅದ್ದಿ ಅಭ್ಯಾಸ ಮಾಡಿದರೆ ಯಾವಾಗ ಹಿಡಿಯಬೇಕು, ಯಾವಾಗ ಎರಡೂ ಮುಷ್ಟಿ ಜೋಡಿಸಿ ಗುದ್ದಬೇಕು ಎಂದು ಗೊತ್ತಾಗುತ್ತದೆ. ಗುದ್ದಿದ ಚೆಂಡು ಎತ್ತರಕ್ಕೆ, ದೂರಕ್ಕೆ, ಬದಿಗೆ ಹೋಗಬೇಕು.

ಗೋಲಿಗಿಂತ ದೊಡ್ಡ ವಿಷಯ

ಇದು ಸ್ಕೋರ್ ಮಾತ್ರದ ಪ್ರಶ್ನೆಯೂ ಅಲ್ಲ. 2004ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಕೀಪರ್ ಜತೆ ಡಿಕ್ಕಿಯಾಗಿ ಕುಸಿದ ಡೆಂಪೊ ತಂಡದ ಕ್ರಿಸ್ಟಿಯಾನೊ ಜೂನಿಯರ್ ಬದುಕಲಿಲ್ಲ. ಅದು ಕಾರ್ನರ್ ಚೆಂಡಿನ ಘಟನೆಯಲ್ಲ. ಆದರೆ ಗೋಲಿನ ಮುಂದಿನ ಡಿಕ್ಕಿ ಎಷ್ಟು ಅಪಾಯಕಾರಿ ಎಂಬುದಕ್ಕೆ ರಾಜ್ಯವೇ ಸಾಕ್ಷಿ. ಜಿಗಿಯಲು, ಕೂಗಲು, ಸರಿಯಾಗಿ ನೆಲಕ್ಕೆ ಇಳಿಯಲು ಕಲಿಯದ ಕೀಪರ್ ತನಗೂ ಎದುರಾಳಿಗೂ ಅಪಾಯ. ತಲೆಗೆ ಪೆಟ್ಟಾದವರನ್ನು 'ಏನಾಗಲ್ಲ, ಆಡು' ಎಂದು ಮತ್ತೆ ನಿಲ್ಲಿಸುವ ಅಭ್ಯಾಸವೂ ನಿಲ್ಲಬೇಕು.

ಶಾಲೆಗೊಬ್ಬ ಕೀಪಿಂಗ್ ಕೋಚ್ ಸಿಗುವುದು ಸದ್ಯಕ್ಕೆ ಕಷ್ಟ. ಆದರೆ ಟೂರ್ನಿಗೆ ಮುಂಚೆ ಹಳೆಯ ಕೀಪರ್‌ಗಳನ್ನು ಕರೆದು ಪಿಟಿ ಮಾಸ್ಟ್ರುಗಳಿಗೆ ಒಂದು ದಿನದ ಶಿಬಿರ ಮಾಡಿಸುವುದು ಸಂಘಟಕರ ಕೈಯಲ್ಲೇ ಇದೆ. ಶಾಮಿಯಾನ, ಟ್ರೋಫಿಗೆ ಆಗುವ ಖರ್ಚಿನಲ್ಲಿ ಸ್ವಲ್ಪ ಇದಕ್ಕೆ ತೆಗೆದಿಟ್ಟರೆ ಸಾಕು. ಅಲ್ಲಿಯ ತನಕ ಗೋಲು ಬಿಟ್ಟ ಹುಡುಗನಿಗೆ ಬೈಯುವ ಮೊದಲು, ಅವನಿಗೆ ಯಾರಾದರೂ ಒಂದು ಕ್ರಾಸ್ ಆದರೂ ಎಸೆದು ಕಲಿಸಿದ್ದಾರಾ ಎಂದು ಕೇಳುವುದು ಒಳ್ಳೆಯದು.