ಎರಿ ಮಣ್ಣು ಕಪ್ಪಗಿದ್ರೆ ಸಾಕಾ?

ಹ್ಯಾಕಥಾನ್ ಬಂತು ಅಂದ್ರೆ ಒಂದೆರಡು ಟೀಮಾದರೂ 'ಸ್ಮಾರ್ಟ್ ಸಾಯಿಲ್' ಅಂತ ಬರುತ್ತೆ. ಆರ್ಡುಯಿನೋ, ಆನ್‌ಲೈನಲ್ಲಿ ತರಿಸಿದ ಎನ್‌ಪಿಕೆ ಸೆನ್ಸರ್, ಒಂದು ಆ್ಯಪ್. ಆ ಅಗ್ಗದ ಸೆನ್ಸರ್ ಬಹುಮಟ್ಟಿಗೆ ಅಳೆಯೋದು ಮಣ್ಣಿನ ವಿದ್ಯುತ್ ವಾಹಕತೆಯನ್ನ. ಸಾರಜನಕ, ರಂಜಕದ ಅಂಕಿಗಳು ಅದರಿಂದ ಕಟ್ಟಿದ ಅಂದಾಜು. ಇದನ್ನ ನಂಬಿ ಯಾರಾದರೂ ಯೂರಿಯಾ ಹಾಕಿದ್ರೆ ದುಡ್ಡು ಹೋಗೋದು ಅವರದ್ದು, ಪ್ರೈಜ್ ನಮ್ಮದು. ನನ್ನ ಪ್ರಕಾರ, ಮಣ್ಣಿನ ಪ್ರಾಜೆಕ್ಟ್ ಮಾಡೋದಾದ್ರೆ ಮೊದಲು ಅದರ ಕೆಮಿಸ್ಟ್ರಿ ನೋಡಬೇಕು, ಅದರಲ್ಲೂ ಸಾವಯವ ಅಂಶದ್ದು.

ಹುನಗುಂದದ ಕಡೆಯವರಿಗೆ ಎರಿ ಮಣ್ಣಿನ ಬಗ್ಗೆ ಹೆಮ್ಮೆ ಜಾಸ್ತಿ. ಇರಲಿ, ಹಿಂಗಾರಿ ಬಿಳಿಜೋಳ, ಕಡಲೆ ಬರೋದೇ ಅದು ಹಿಡಿದಿಟ್ಟ ತೇವದ ಮೇಲೆ. ಆದ್ರೆ ಕಪ್ಪು ಅಂದ ಮಾತ್ರಕ್ಕೆ ಸಾವಯವ ಇಂಗಾಲ ತುಂಬಿದೆ ಅಂತಲ್ಲ. ದಖ್ಖನ್ನಿನ ಕಪ್ಪು ಮಣ್ಣಲ್ಲಿ ಅದು ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಬಾದಾಮಿಯ ಮರಳುಗಲ್ಲಿನಿಂದಾದ ಕೆಂಪು ಮಣ್ಣಲ್ಲಂತೂ ಅದನ್ನ ಹಿಡಿದಿಡೋ ಜೇಡಿಯೇ ಕಮ್ಮಿ. ಹಾಕಿದ ತಿಪ್ಪಿ ಗೊಬ್ಬರ ಬೇಗ ಕರಗುತ್ತೆ.

2015ರಲ್ಲಿ ಶುರುವಾದ ಸಾಯಿಲ್ ಹೆಲ್ತ್ ಕಾರ್ಡಿನ 12 ಅಂಶಗಳಲ್ಲಿ ಸಾವಯವ ಇಂಗಾಲವೂ ಒಂದು. ಶೇ. 0.5ಕ್ಕಿಂತ ಕೆಳಗಿದ್ರೆ ಕಡಿಮೆ, 0.75 ದಾಟಿದ್ರೆ ಹೆಚ್ಚು. ಅಳೆಯೋ ಸಾಮಾನ್ಯ ವಿಧಾನ 1934ರ ವಾಕ್ಲಿ-ಬ್ಲ್ಯಾಕ್: ಪೊಟ್ಯಾಸಿಯಂ ಡೈಕ್ರೋಮೇಟ್, ಸಲ್ಫ್ಯೂರಿಕ್ ಆಸಿಡ್, ಆಮೇಲೆ ಟೈಟ್ರೇಷನ್. ಇಂಗಾಲ ಎಷ್ಟು ಅಂತ ಅದು ಹೇಳುತ್ತೆ, ಎಂಥದ್ದು ಅಂತ ಹೇಳಲ್ಲ. ಹೋದ ಹಂಗಾಮಿನ ಜೋಳದ ಬೇರಿಂದ ಬಂದದ್ದೋ, ವರ್ಷಗಟ್ಟಲೆ ಜೇಡಿಗೆ ಅಂಟಿ ಉಳಿದದ್ದೋ?

ನಾವು ಪರೀಕ್ಷೆಗೆ ಅಂತ ಮಾತ್ರ ಓದಿದ ಎಫ್‌ಟಿಐಆರ್ ಕೆಲಸಕ್ಕೆ ಬರೋದು ಇಲ್ಲಿ. ಪ್ರತಿ ಸೆಂಟಿಮೀಟರಿಗೆ 2920, 2850 ತರಂಗಸಂಖ್ಯೆಯ ಹತ್ತಿರ ಪೀಕ್ ಇದ್ರೆ ಕೊಬ್ಬು, ಮೇಣದಂಥ ಸರಪಳಿಗಳ ಸಿ-ಎಚ್. 1620ರ ಸುತ್ತ ಆರೊಮ್ಯಾಟಿಕ್, ಕಾರ್ಬಾಕ್ಸಿಲೇಟ್. ಸಕ್ಕರೆ ಜಾತಿಯವನ್ನ 1030ರ ಹತ್ತಿರ ಹುಡುಕೋಕೆ ಹೋದ್ರೆ ಮಾತ್ರ ಜೇಡಿಯ ಸಿಲಿಕಾನ್-ಆಕ್ಸಿಜನ್ ಪೀಕ್ ಎಲ್ಲವನ್ನೂ ನುಂಗಿಬಿಡುತ್ತೆ. ಎರಿಯಲ್ಲಿ ಸುಣ್ಣದ ಅಂಶ ಇದ್ರೆ 1430ರಲ್ಲಿ ಕಾರ್ಬೋನೇಟ್ ಬೇರೆ. ಅದಕ್ಕೇ ಕೆಲವರು ಅದೇ ಮಣ್ಣನ್ನ ಸುಟ್ಟು, ಅದರ ಸ್ಪೆಕ್ಟ್ರಮನ್ನ ಮೊದಲಿನದ್ದರಿಂದ ಕಳೀತಾರೆ. ಸುಟ್ಟಾಗ ಜೇಡಿಯೂ ಬದಲಾಗುತ್ತೆ, ಅದೊಂದು ತಲೆನೋವು. ಈ ತಲೆನೋವೇ ಒಳ್ಳೆ ಪ್ರಾಜೆಕ್ಟ್ ಅಲ್ವಾ?

ಯಂತ್ರ ದುಬಾರಿ, ಒಪ್ಪಿದೆ. ಆದ್ರೆ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಅಲ್ಲಿ ಮಣ್ಣು ಓದಿದ ಮೇಷ್ಟ್ರುಗಳಿದ್ದಾರೆ, ನಮ್ಮಲ್ಲಿ ಕೋಡ್ ಬರೆಯೋರಿದ್ದಾರೆ. ಹೋಗಿ ಕೇಳೋಕೆ ಖರ್ಚೇನಿಲ್ಲ.

ಸೆಮಿಸ್ಟರ್ ರಜೆಗೆ ಬಾದಾಮಿ, ಹುನಗುಂದ, ಇಳಕಲ್ ಕಡೆ ಹೋಗೋರು ತಲಾ ಅರ್ಧ ಕೆಜಿ ಮಣ್ಣು ತನ್ನಿ. ಒಂದೇ ಹೊಲದ ಏಳೆಂಟು ಕಡೆಯಿಂದ, ಮೇಲಿನ 15 ಸೆಂಟಿಮೀಟರಿನದ್ದು, ನೆರಳಲ್ಲಿ ಒಣಗಿಸಿ. ಏನು ಬೆಳೆದಿದ್ರು, ಗೊಬ್ಬರ ಯಾವಾಗ ಹಾಕಿದ್ರು ಅಂತ ಮನೆಯಲ್ಲಿ ಕೇಳಿ, ಚೀಟಿ ಬರೆದು ಚೀಲದೊಳಗೆ ಹಾಕಿ.