ನಿವೃತ್ತರ ಬಿಡುವು ಯಾರದು?

ಅರವತ್ತು ತುಂಬುವ ತಿಂಗಳ ಕೊನೆಯ ದಿನ ಕೇಂದ್ರ ಸರ್ಕಾರದ ನೌಕರರು ಶಾಲು, ಹಾರಗಳೊಡನೆ ಮನೆಗೆ ಮರಳುತ್ತಾರೆ. ಮುಂದೇನೆಂದು ಕೇಳಿದರೆ ಹಲವರ ಉತ್ತರ ಸಿದ್ಧವಾಗಿರುತ್ತದೆ: ಮರಗೆಲಸ, ಹಳೆಯ ರೇಡಿಯೊಗಳ ದುರಸ್ತಿ, ಹೊಲಿಗೆ. ದೆಹಲಿಯವರು ಕೀರ್ತಿನಗರದಿಂದ ತೇಗದ ಹಲಗೆ ತರುತ್ತಾರೆ. ಮುಂಬಯಿಯವರು ನಾಗದೇವಿ ಬೀದಿಯಲ್ಲಿ ಉಳಿ, ಗರಗಸ ಕೊಳ್ಳುತ್ತಾರೆ. ಸರ್ಕಾರಿ ವಸತಿ ಬಿಟ್ಟು ಬಂದ ಫ್ಲ್ಯಾಟಿನ ಬಾಲ್ಕನಿ ಕಾರ್ಯಾಗಾರವಾಗುತ್ತದೆ. ಆದರೆ ಎರಡು ವರ್ಷ ಕಳೆದರೂ ಪುಸ್ತಕದ ಕಪಾಟಿಗೆ ಹಿಂಬದಿಯ ಹಲಗೆ ಕೂಡುವುದಿಲ್ಲ.

ಇದಕ್ಕೆ ಚಿತ್ತಚಾಂಚಲ್ಯವೇ ಕಾರಣವೆಂದು ಹೇಳುವುದು ವಾಡಿಕೆ. ನಾವು ಇದನ್ನು ಒಪ್ಪುವುದಿಲ್ಲ. ಕೈಗೆಲಸದಲ್ಲಿ ಅಡ್ಡದಾರಿಗಳು ಸಹಜ. ಸಂದು ಸರಿಯಾಗಿ ಕೂಡಬೇಕಾದರೆ ಉಳಿ ಹರಿತವಾಗಿರಬೇಕು. ಉಳಿ ಹರಿತವಾಗಬೇಕಾದರೆ ಸಾಣೆಕಲ್ಲು ಸಮತಟ್ಟಾಗಿರಬೇಕು. ಸವೆದು ನಡುತಗ್ಗಾದ ಕಲ್ಲನ್ನು ಗಾಜಿನ ಮೇಲೆ ಮರಳುಕಾಗದ ಹಾಸಿ ಉಜ್ಜಬೇಕು. ಬೆಳಗೆಲ್ಲ ಇದರಲ್ಲೇ ಕಳೆದರೂ ಅದು ಕೆಲಸವೇ.

ಚಿಂತೆಗೀಡುಮಾಡುವುದು ಬೇರೆಯದು: 'ಹೇಗೂ ಮನೆಯಲ್ಲೇ ಇದ್ದಾರಲ್ಲ' ಎಂಬ ಮಾತು. ಗ್ಯಾಸ್ ಸಿಲಿಂಡರ್, ಕೊರಿಯರ್, ಮೊಮ್ಮಗುವಿನ ಶಾಲಾ ಬಸ್ಸು, ಸೊಸೈಟಿಯ ಲೆಕ್ಕಪತ್ರ, ನೆರೆಯವರ ಬ್ಯಾಂಕಿನ ಕೆಲಸ ಎಲ್ಲವೂ ನಿವೃತ್ತರ ಪಾಲು. ಒಂದೊಂದೂ ಹತ್ತೇ ನಿಮಿಷದ್ದು. ಆದರೆ ಅಂಟು ಹಚ್ಚಿದ ಹಲಗೆ ಆ ಹತ್ತು ನಿಮಿಷ ಕಾಯುವುದಿಲ್ಲ. ನಿವೃತ್ತ ಮಹಿಳೆಯರ ಪಾಡು ಇನ್ನೂ ಕಠಿಣ; ಅಡುಗೆಮನೆಯು ಅವರಿಗೆ ನಿವೃತ್ತಿಯ ವಯಸ್ಸನ್ನೇ ಗೊತ್ತುಪಡಿಸಿಲ್ಲ. ಹೊಲಿಗೆ ಯಂತ್ರದ ಮುಚ್ಚಳ ತೆಗೆಯುವಷ್ಟರಲ್ಲಿ ಒಲೆಯ ಮೇಲಿನ ಕುಕ್ಕರ್ ಕೂಗುತ್ತದೆ.

ನಿವೃತ್ತಿಯಲ್ಲೂ ಶಿಸ್ತು ಬೇಕೆ ಎಂದು ಕೆಲವರು ಕೇಳಬಹುದು. ಈಸ್ಟ್ ಇಂಡಿಯಾ ಕಂಪನಿಯಲ್ಲಿ 33 ವರ್ಷ ಗುಮಾಸ್ತನಾಗಿದ್ದ ಚಾರ್ಲ್ಸ್ ಲ್ಯಾಂಬ್ 1825ರಲ್ಲಿ ನಿವೃತ್ತನಾದ. ಅದೇ ವರ್ಷದ 'ದಿ ಸೂಪರ್‌ಆ್ಯನ್ಯುಯೇಟೆಡ್ ಮ್ಯಾನ್' ಪ್ರಬಂಧದಲ್ಲಿ ಏನೂ ಮಾಡದೆ ಇರುವುದರ ಸುಖವನ್ನೇ ಎತ್ತಿಹಿಡಿದ. ಆ ಸುಖಕ್ಕೆ ನಮ್ಮ ತಕರಾರಿಲ್ಲ. ಆದರೆ ಲ್ಯಾಂಬ್ ತನ್ನ ಬಿಡುವಿಗೆ ತಾನೇ ಒಡೆಯನಾಗಿದ್ದ. ನಮ್ಮ ನಿವೃತ್ತರಿಗೆ ಸಿಗುವುದು ಆಲಸ್ಯವೂ ಅಲ್ಲ, ಕೆಲಸವೂ ಅಲ್ಲ. ಪರರ ಕೆಲಸಗಳ ನಡುವಿನ ಚೂರುಪಾರು ಮಾತ್ರ.

ಕಣ್ಣಿಗೆ ಪೊರೆ ಬರುವ ಮುನ್ನ, ಕೈ ನಡುಗುವ ಮುನ್ನ ಉಳಿದಿರುವ ವರ್ಷಗಳು ಎಣಿಕೆಯವು. ಆದ್ದರಿಂದ ನಮ್ಮ ಸಲಹೆ ಸರಳ. ಬೆಳಗಿನ ಹತ್ತರಿಂದ ಹನ್ನೆರಡರವರೆಗೆ ನಿವೃತ್ತರು ಮನೆಯಲ್ಲಿ ಇಲ್ಲವೆಂದೇ ಮನೆಯವರು ಭಾವಿಸಲಿ. ಕಚೇರಿಗೆ ಹೋಗುತ್ತಿದ್ದಾಗ ಹಾಗೆಯೇ ನಡೆಯುತ್ತಿತ್ತಲ್ಲ! ಅತ್ತ ನಿವೃತ್ತರೂ ತಾವು ಮಾಡುವ ವಸ್ತು ಯಾರಿಗೆ, ಎಂದಿಗೆ ಎಂಬುದನ್ನು ಮೊದಲೇ ಹೇಳಿಬಿಡಲಿ. ಕಡತಕ್ಕೆ ಗಡುವಿತ್ತು, ಕೇಳುವವರೂ ಇದ್ದರು. ಕಪಾಟಿಗೆ ಎರಡೂ ಇಲ್ಲ. ಊರಿನ ಕನ್ನಡ ಸಂಘದ ಗ್ರಂಥಾಲಯಕ್ಕೆ ಯುಗಾದಿಯ ಹೊತ್ತಿಗೆ ಒಂದು ಕಪಾಟು ಕೊಡುವೆನೆಂದು ಮಾತು ಕೊಟ್ಟವರಿಗೆ, ಹಿಂಬದಿಯ ಹಲಗೆ ಕೂಡಿಸುವ ದಿನವೂ ಸಿಕ್ಕೀತು.